ಸಹಾಯ ಬೇಕು: ಹೊನ್ನಾವರದ ಶರಾವತಿ ರೈಲು ಸೇತುವೆಯ ಫೋಟೊ ತೆಗೆಯಲು ಒಳ್ಳೆಯ ಜಾಗ

ಹೊನ್ನಾವರ, ಕಾಸರಕೋಡು ಕಡೆಯವರು ದಯವಿಟ್ಟು ತಿಳಿಸಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದು, 2 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಇಡೀ ಕಂಬಗಳ ಸಾಲು, ಮೇಲೊಂದು ರೈಲು, ಹಿಂದೆ ಘಟ್ಟ, ಇಷ್ಟೂ ಒಂದೇ ಫ್ರೇಮಿನಲ್ಲಿ ಬರಬೇಕು.

ಸೇತುವೆ ಉತ್ತರ-ದಕ್ಷಿಣವಾಗಿರುವುದರಿಂದ ಪಶ್ಚಿಮದಿಂದ, ಅಂದರೆ ಸಮುದ್ರದ ಕಡೆಯಿಂದ ನೋಡಿದರೆ ಬೆಳಿಗ್ಗೆ ಬರೀ ನೆರಳುಚಿತ್ರ. ಸಂಜೆ 4ರ ನಂತರವೇ ಕಂಬಗಳ ಮೇಲೆ ನೇರ ಬೆಳಕು. ಹೆದ್ದಾರಿ ಸೇತುವೆಯಿಂದ ತೆಗೆಯಬಹುದು, ಆದರೆ ಲಾರಿ ಹೋದಾಗ ನೆಲವೇ ಅದುರುತ್ತದೆ. ಅಲ್ಲಿ ಟ್ರೈಪಾಡ್ ಇಟ್ಟು 1 ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೂ ಚಿತ್ರ ಮಸುಕು. ಕೈಯಲ್ಲೇ ಹಿಡಿದು 1/500 ಸೆಕೆಂಡಿನಲ್ಲಿ ತೆಗೆಯುವುದು ವಾಸಿ. ನಿಧಾನ ಎಕ್ಸ್‌ಪೋಷರಿಗೆ ಗಟ್ಟಿ ದಡವೇ ಬೇಕು.

ಕೇಳಬೇಕಾದ್ದು: ಹೆದ್ದಾರಿ ಸೇತುವೆಯಲ್ಲಿ ವಾಹನಗಳಿಂದ ಬೇರೆಯಾದ ಕಾಲುದಾರಿ ಕೊನೆತನಕ ಇದೆಯೇ? ಎರಡು ಸೇತುವೆಗಳ ನಡುವೆ ದಡಕ್ಕಿಳಿಯುವ ಸಾರ್ವಜನಿಕ ದಾರಿ ಯಾವ ಬದಿಗಿದೆ? ಇಳಿತದಲ್ಲಿ ಕೆಸರು ಎಷ್ಟು ದೂರ ತೆರೆದುಕೊಳ್ಳುತ್ತದೆ? ಕಂಬಗಳ ಪ್ರತಿಬಿಂಬಕ್ಕೆ ಭರತ (ಉಬ್ಬರ) ತುಂಬಿ ಗಾಳಿ ನಿಂತ ಹೊತ್ತು ಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ಹಲಗೆಯ ಹಾದಿಯಿಂದ ರೈಲು ಸೇತುವೆ ಕಾಣುತ್ತದೆಯೇ, ಸಂಜೆ ಎಷ್ಟಕ್ಕೆ ಮುಚ್ಚುತ್ತಾರೆ? ಮೂಡಣ ದಿಕ್ಕಿಗೆ ದೋಣಿಯಲ್ಲಿ ಕರೆದೊಯ್ಯುವವರಿದ್ದರೆ ದರವನ್ನೂ ಹೇಳಿ.

ಹಳಿ ಮೇಲೆ ನಡೆಯುವ ಸಲಹೆ ದಯವಿಟ್ಟು ಬೇಡ. ಅದು ಅಪರಾಧ, ರೈಲು ಬಂದರೆ ಸರಿಯಲು ಜಾಗವೂ ಸಿಗದು.