ಜಪಾನಿನ ಮದ್ಯವ್ಯಸನ, ಮರೆಗುಳಿತನದ ಅಧ್ಯಯನಗಳು: ಅಂಕಗಳನ್ನು ಹೋಲಿಸುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ):
ಮದ್ಯವ್ಯಸನಕ್ಕೂ ಮರೆಗುಳಿತನಕ್ಕೂ ಇರುವ ನಂಟಿನ ಬಗೆಗಿನ ವಿಮರ್ಶಾ ಲೇಖನಕ್ಕೆ ಜಪಾನಿನ ಅಧ್ಯಯನಗಳನ್ನು ಸೇರಿಸಬೇಕಿದೆ. ಅಲ್ಲಿ ಅನೇಕರು ನೆನಪು, ಅರಿವು ಅಳೆಯುವ ಎಂಎಂಎಸ್ಇ ಪರೀಕ್ಷೆಯ ಬದಲು ಜಪಾನಿನದೇ ಆದ ಎಚ್‌ಡಿಎಸ್-ಆರ್ ಬಳಸಿದ್ದಾರೆ. ಎರಡೂ 30 ಅಂಕದವೇ, ಒಂದೇ ಕೋಷ್ಟಕಕ್ಕೆ ಹಾಕಬಹುದೇ? ಕುಡಿತದ ಪ್ರಮಾಣ ಕೆಲವು ಕಡೆ ‘ಗೋ’ ಎಂಬ ಜಪಾನಿ ಅಳತೆಯ ಲೆಕ್ಕದಲ್ಲಿದೆ, ಕೆಲವು ಕಡೆ ಗ್ರಾಂನಲ್ಲಿ. ಕುಡಿದಾಗ ಮುಖ ಕೆಂಪಾಗಿಸುವ ಜೀನ್ ಅನ್ನೂ ಲೆಕ್ಕಕ್ಕೆ ಹಿಡಿಯಬೇಕೇ?

ಮಾಪಕ:
ಒಂದೇ ಕೋಷ್ಟಕಕ್ಕೆ ಹಾಕಬೇಡಿ. ಮೊತ್ತ ಒಂದೇ ಇದ್ದರೂ ಅಂಕ ಬರುವ ದಾರಿ ಬೇರೆ. ಎಚ್‌ಡಿಎಸ್-ಆರ್ ಎಂದರೆ ಕಜುವೊ ಹಸೆಗಾವಾ 1974ರಲ್ಲಿ ರೂಪಿಸಿದ ಮಾಪಕದ 1991ರ ಪರಿಷ್ಕರಣೆ. ಒಂಬತ್ತೂ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ. ಬರೆಯುವುದಾಗಲಿ ಚಿತ್ರ ನಕಲು ಮಾಡುವುದಾಗಲಿ ಇಲ್ಲ. ಕೈ ನಡುಗುವ ಮದ್ಯವ್ಯಸನಿಗಳಿಗೆ ಇದು ಅನುಕೂಲವೇ. ಆದರೆ ಎಂಎಂಎಸ್ಇಯ ಪಂಚಭುಜ ನಕಲಿನಲ್ಲಿ ಹೊರಬೀಳುವ ದೋಷ ಇಲ್ಲಿ ಕಾಣುವುದೇ ಇಲ್ಲ.

ನೆನಪಿಗೆ ಇಲ್ಲಿ ತೂಕ ಜಾಸ್ತಿ. ಮೂರು ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳಿದರೆ 6 ಅಂಕ: ತಾನಾಗಿ ಹೇಳಿದ ಪದಕ್ಕೆ 2, ಸುಳಿವು ಕೊಟ್ಟ ಮೇಲೆ ಹೇಳಿದರೆ 1. ಎಂಎಂಎಸ್ಇಯಲ್ಲಿ ಇದೇ ಕೆಲಸಕ್ಕೆ 3 ಅಂಕ. 100ರಿಂದ 7 ಕಳೆಯುವುದು ಇಲ್ಲಿ ಎರಡೇ ಸಲ, ಅಲ್ಲಿ ಐದು ಸಲ. ಕೊನೆಯ ಪ್ರಶ್ನೆ ತರಕಾರಿ ಹೆಸರುಗಳದ್ದು. ಐದು ಹೆಸರಿನವರೆಗೆ ಸೊನ್ನೆ, ಆರನೆಯದರಿಂದ ಒಂದೊಂದು ಅಂಕ, ಹತ್ತಾದರೆ ಪೂರ್ತಿ 5. ನಡುವೆ ಸುಮಾರು 10 ಸೆಕೆಂಡು ಮಾತು ನಿಂತರೆ ಅಲ್ಲಿಗೇ ಮುಗಿಸಬೇಕು. ಇದನ್ನು ಒಂದು ನಿಮಿಷದಲ್ಲಿ ಪದ ಹೇಳಿಸುವ ಪರೀಕ್ಷೆ ಎಂದು ಓದಿಬಿಟ್ಟರೆ ಅಂಕದ ಅರ್ಥವೇ ಕೆಡುತ್ತದೆ.

ಮರೆಗುಳಿತನದ ಶಂಕೆಗೆ ಇಲ್ಲಿ ಗಡಿ 20, ಎಂಎಂಎಸ್ಇಗೆ ಸಾಮಾನ್ಯವಾಗಿ 23. ಅಂದರೆ 22 ಅಂಕ ಒಂದರಲ್ಲಿ ಗಡಿಯ ಮೇಲೆ, ಇನ್ನೊಂದರಲ್ಲಿ ಕೆಳಗೆ. ಸರಾಸರಿಗಳನ್ನು ಸೇರಿಸಲೇಬೇಕಿದ್ದರೆ ಪ್ರಮಾಣೀಕೃತ ಸರಾಸರಿ ವ್ಯತ್ಯಾಸ (ಸರಾಸರಿಗಳ ಅಂತರವನ್ನು ಅಂಕಗಳ ಹರವಿನಿಂದ ಭಾಗಿಸಿದ್ದು) ಬಳಸಿ, ಎರಡೂ ಮಾಪಕಗಳನ್ನು ಪ್ರತ್ಯೇಕ ಉಪಗುಂಪುಗಳಾಗಿಯೂ ತೋರಿಸಿ.

ಗ್ರಾಂಲೆಕ್ಕ:
ಒಂದು ‘ಗೋ’ ಎಂದರೆ 180 ಮಿ.ಲೀ., ಅದು ಬರೀ ದ್ರವದ ಅಳತೆ. ಶೇ. 15ರ ಸಾಕೆ (ಅಕ್ಕಿಯ ಮದ್ಯ) ಆದರೆ 180 × 0.15 × 0.8 (ಮದ್ಯಸಾರದ ಸಾಂದ್ರತೆ), ಅಂದರೆ 21.6 ಗ್ರಾಂ ಶುದ್ಧ ಮದ್ಯಸಾರ. ಅದೇ ಒಂದು ಗೋ ಶೇ. 25ರ ಶೋಚು (ಬಟ್ಟಿ ಇಳಿಸಿದ ಮದ್ಯ) ಆದರೆ 36 ಗ್ರಾಂ! ಯಾವ ಪಾನೀಯ ಎಂದು ನೋಡದೆ ಗೋವನ್ನು ಗುಣಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಶೇ. 5ರ ಬಿಯರ್ 500 ಮಿ.ಲೀ.ಗೆ 20 ಗ್ರಾಂ.

ಕುಡಿತದ ಅಪಾಯ ಅಳೆಯುವ ಆಡಿಟ್ ಪ್ರಶ್ನಾವಳಿಯಲ್ಲೂ ಎಚ್ಚರ ಬೇಕು. ಅದರ ಒಂದು ‘ಡ್ರಿಂಕ್’ 10 ಗ್ರಾಂ, ಜಪಾನಿನ ಹಳೆಯ ‘ಒಂದು ಯೂನಿಟ್’ ಸುಮಾರು 20. ಜಪಾನಿನ ಆರೋಗ್ಯ ತಪಾಸಣೆಯಲ್ಲಿ 15 ಅಥವಾ ಹೆಚ್ಚು ಅಂಕ ಬಂದರೆ ವ್ಯಸನದ ಶಂಕೆ ಎನ್ನುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಅದಕ್ಕೆ 20. ‘ವ್ಯಸನದ ಶಂಕೆ’ ಎಂಬ ಹೆಸರು ನೋಡಿ ಎರಡು ಗುಂಪುಗಳನ್ನು ಬೆರೆಸಬೇಡಿ.

ಜೀನ್ ಅಂತೂ ಬೇಕೇ ಬೇಕು. ಜಪಾನೀಯರಲ್ಲಿ ಸುಮಾರು ಶೇ. 40 ಮಂದಿಗೆ ಎಎಲ್‌ಡಿಎಚ್2 ಕಿಣ್ವ ದುರ್ಬಲ. ಮದ್ಯ ಒಡೆದಾಗ ಬರುವ ವಿಷವಸ್ತು ಅಸಿಟಾಲ್ಡಿಹೈಡ್ ದೇಹದಲ್ಲೇ ಉಳಿದುಕೊಂಡು ಮುಖ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ಇದು ವ್ಯಸನಕ್ಕೆ ತಡೆ ಎಂಬ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ. ಮದ್ಯವ್ಯಸನಿಗಳಲ್ಲಿ ದುರ್ಬಲ ಕಿಣ್ವದ ಈ ಜೀನ್ ರೂಪದ ಒಂದು ಪ್ರತಿ ಇರುವವರು 1979ರಲ್ಲಿ ಶೇ. 2.5, 1986ರಲ್ಲಿ ಶೇ. 8, 1992ರಲ್ಲಿ ಶೇ. 13. ಬೇರೆ ಬೇರೆ ದಶಕಗಳ ರೋಗಿಗಳ ಗುಂಪುಗಳು ಜೀನ್ ದೃಷ್ಟಿಯಿಂದ ಒಂದೇ ಅಲ್ಲ. ರಕ್ತಪರೀಕ್ಷೆ ಮಾಡಿರದ ಅಧ್ಯಯನದಲ್ಲಿ ಮುಖ ಕೆಂಪಾಗುವ ಪ್ರಶ್ನೆಯನ್ನು ಹೇಗೆ ಕೇಳಿದ್ದಾರೆ ನೋಡಿ. ‘ಈಗ ಕೆಂಪಾಗುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಲದು, ‘ಕುಡಿಯಲು ಶುರುಮಾಡಿದ ಮೊದಲ ಒಂದೆರಡು ವರ್ಷ ಆಗುತ್ತಿತ್ತೇ’ ಎಂದೂ ಕೇಳಿರಬೇಕು. ವರ್ಷಗಟ್ಟಲೆ ಕುಡಿದವರಲ್ಲಿ ಆ ಲಕ್ಷಣ ಮಸುಕಾಗಿರುತ್ತದೆ.

ಹೊಂಗೆನೆರಳು:
ತುಂಬಾ ಉಪಕಾರವಾಯಿತು. ಕುಡಿತ ನಿಲ್ಲಿಸಿ ಎಷ್ಟು ದಿನದ ಮೇಲೆ ಮಾಡಿದ ಪರೀಕ್ಷೆಯನ್ನು ಒಪ್ಪಬಹುದು?

ಮಾಪಕ:
ಆಸ್ಪತ್ರೆಗೆ ದಾಖಲಾದ ಮೊದಲ ವಾರದ ಅಂಕ ಬಿಟ್ಟುಬಿಡಿ. ಆಗ ಕುಡಿತ ನಿಂತಾಗ ಬರುವ ಸನ್ನಿ, ನಿದ್ದೆಗುಳಿಗೆ, ಬಿ1 ಜೀವಸತ್ವದ ಕೊರತೆ ಎಲ್ಲ ಬೆರೆತಿರುತ್ತವೆ. ಕೆಲವು ವಾರ ಮದ್ಯವಿಲ್ಲದೆ ಕಳೆದ ಮೇಲಿನ ಅಂಕ ಇದ್ದರೆ ಅದನ್ನೇ ಹಿಡಿಯಿರಿ. ಚೇತರಿಕೆ ತಿಂಗಳುಗಟ್ಟಲೆ ಸಾಗುವುದೂ ಉಂಟು. ಎಚ್‌ಡಿಎಸ್-ಆರ್ ಒಂದನ್ನೇ ಬಳಸಿದ್ದರೆ ಮದ್ಯದಿಂದ ಮೊದಲು ಪೆಟ್ಟು ತಿನ್ನುವ ಮುಂಭಾಗದ ಮಿದುಳಿನ ಕೆಲಸ ಬಹುತೇಕ ತಪ್ಪಿಹೋಗುತ್ತದೆ. ಜೊತೆಗೆ ಆ ಕೆಲಸವನ್ನೇ ಅಳೆಯುವ 18 ಅಂಕದ ಎಫ್‌ಎಬಿ ಇದೆಯೇ ನೋಡಿ.

ಪದಶೋಧ:
ಹುಡುಕುವಾಗ ಒಂದು ಮಾತು. ಜಪಾನಿ ಭಾಷೆಯಲ್ಲಿ ಮರೆಗುಳಿತನಕ್ಕೆ 2004ರವರೆಗೆ ‘ಚಿಹೋ’ ಎನ್ನುತ್ತಿದ್ದರು, ಹೀಯಾಳಿಕೆ ಎನಿಸಿ ‘ನಿಂಚಿಶೋ’ ಎಂದು ಬದಲಿಸಿದರು. ಜಪಾನಿನ ಲೇಖನ ಭಂಡಾರಗಳಾದ ಇಚೂಶಿ, ಜೆ-ಸ್ಟೇಜ್ ಎರಡರಲ್ಲೂ ಹಳೆಯ ಮತ್ತು ಹೊಸ ಪದಗಳನ್ನು ‘ಅಥವಾ’ ಹಾಕಿ ಹುಡುಕಿ. ಆಸ್ಪತ್ರೆಯ ರೋಗಿಗಳ ಅಧ್ಯಯನವಾದರೆ ದಾಖಲಾತಿಯ ಬಗೆಯನ್ನೂ ಒಂದು ಅಂಕಣದಲ್ಲಿ ಬರೆದುಕೊಳ್ಳಿ: ಸ್ವಇಚ್ಛೆಯ ದಾಖಲಾತಿ, ರೋಗಿ ಒಪ್ಪದಿದ್ದರೂ ಮನೆಯವರ ಸಮ್ಮತಿಯ ಮೇಲಿನ ‘ಇರ್ಯೋ ಹೋಗೋ’ ದಾಖಲಾತಿ, ಆಡಳಿತದ ಆದೇಶದ ದಾಖಲಾತಿ. ಸ್ವಇಚ್ಛೆಯಿಂದ ಬಂದವರನ್ನಷ್ಟೇ ಆರಿಸಿದ ಅಧ್ಯಯನದಲ್ಲಿ ಅರಿವು ತೀರಾ ಕುಗ್ಗಿದವರು ಹೊರಗುಳಿದಿರುವ ಸಂಭವ ಹೆಚ್ಚು.