ನೈವೇದ್ಯಕ್ಕೆ ಮುಂಚೆ ಹೋಳಿಗೆ

"ಅಲ್ವೇ, ಮಂಗಳಾರತಿಗೆ ಮುಂಚೇನೇ ಎಲೆ ಮುಂದೆ ಕೂತ್ಬಿಟ್ರೇನೇ ನಿಮ್ಮೆಜಮಾನ್ರು?"

ಮೈಸೂರಿನಿಂದ ದೊಡ್ಡಮ್ಮ ಫೋನ್ ಮಾಡಿ ನನ್ನ ಹೆಂಡತಿಯನ್ನು ಕೇಳಿದ ಮೊದಲ ಪ್ರಶ್ನೆ. ನ್ಯೂಜೆರ್ಸಿಯ ನಮ್ಮ ಹೊಸ ಮನೆ ಗೃಹಪ್ರವೇಶದ ಫೋಟೋಗಳನ್ನೆಲ್ಲ ಒಂದೇ ಆಲ್ಬಮ್ಮಿಗೆ ಸುರಿದು ನೆಂಟರಿಗೆಲ್ಲ ಕಳಿಸಿದ್ದೆವು. ಆಲ್ಬಮ್ಮು ತೆಗೆದ ಟೈಮು ನೋಡಿಕೊಂಡು ತಾನೇ ಸಾಲಾಗಿ ಜೋಡಿಸಿಟ್ಟಿತ್ತು. ಅದರ ಪ್ರಕಾರ 11:40ಕ್ಕೆ ನಾನು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ತಾ ಇದ್ದೀನಿ. 11:45ಕ್ಕೆ ಪೂರ್ಣಾಹುತಿಗೆ ಕೈ ಮುಗಿದು ನಿಂತಿದ್ದೀನಿ. 11:50ಕ್ಕೆ ಮತ್ತೆ ಎಲೆ ಮುಂದೆ, ಈ ಸಲ ಮಜ್ಜಿಗೆ. 12:05ಕ್ಕೆ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ, ಮಂಗಳಾರತಿ.

ದೊಡ್ಡಮ್ಮನ ಎರಡನೇ ಪ್ರಶ್ನೆ: "ಹಸಿರು ಸೀರೆ, ಕೆಂಪು ಸೀರೆ, ಮತ್ತೆ ಹಸಿರು, ಮತ್ತೆ ಕೆಂಪು... ಪೂಜೆ ಮಾಡಿದ್ಯೋ, ಸೀರೆ ಬದಲಾಯಿಸ್ತಾ ಕೂತಿದ್ಯೋ?"

ಮುಂದಿನ ಶನಿವಾರ ಸಂಜೆ ನಮ್ಮನೇಲಿ ವಿಚಾರಣೆ. ಆರೋಪಿ ಸೀನ. ಸಾಕ್ಷಿ ಅವನ ದೊಡ್ಡ ಕ್ಯಾಮೆರಾ, ಚುರುಮುರಿ ಬಟ್ಟಲಿನ ಪಕ್ಕದಲ್ಲಿ.

"ಗೃಹಪ್ರವೇಶ ಯಾವತ್ತಿತ್ತು?" ಗಿರಿ ವಕೀಲನ ಥರ ಕೇಳಿದ.

"ಮಾರ್ಚ್ ಎರಡನೇ ಭಾನುವಾರ."

"ಆವತ್ತು ಬೆಳಗಿನ ಜಾವ 2 ಗಂಟೆಗೆ ಏನಾಯ್ತು?"

"ನಾನು ಮಲಗಿದ್ದೆ ಕಣೋ."

"ನೀನು ಮಲಗಿದ್ದೆ, ಕ್ಯಾಮೆರಾನೂ ಬ್ಯಾಗಲ್ಲಿ ಮಲಗಿತ್ತು. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡೋ ಇಲ್ಲಿನ ಡೇಲೈಟ್ ಸೇವಿಂಗ್ ಪದ್ಧತಿ ಇದೆಯಲ್ಲ, ಅದರ ಪ್ರಕಾರ ಗಡಿಯಾರ ಮಾತ್ರ 2ರಿಂದ ನೇರ 3ಕ್ಕೆ ಹಾರಿತು. ನಮ್ಮ ಫೋನೆಲ್ಲ ತಾವೇ ಹಾರಿಕೊಂಡ್ವು. ನಿಂದಕ್ಕೆ ಹೇಳೋರು ಯಾರು?"

ಸೀನ ಸೋಲುವ ಗಿರಾಕಿ ಅಲ್ಲ. "ಹೋದ ವರ್ಷ ಹೇಳಿದ್ದೆ. ಮೆನುವಿನಲ್ಲಿ ಡೇಲೈಟ್ ಸೇವಿಂಗ್ ಆನ್ ಮಾಡಿದೆ. ಇವಳು ನಾನು ಮರೆತಿದ್ದೀನಿ ಅಂದ್ಕೊಂಡು ಟೈಮನ್ನೇ ಒಂದು ಗಂಟೆ ಮುಂದಕ್ಕಿಟ್ಟಳು. ಬೇಸಿಗೆಯೆಲ್ಲ ನಮ್ಮ ಫೋಟೋ ಊರಿಗಿಂತ ಒಂದು ಗಂಟೆ ಮುಂದೆ. ಅದಕ್ಕೇ ಈ ಸಲ ಯಾರೂ ಮುಟ್ಟಬೇಡಿ ಅಂತ ಆರ್ಡರ್."

"ಆರ್ಡರ್ ಮಾಡಿದ್ದು ನಾನು," ಅಂದಳು ಅವನ ಹೆಂಡತಿ ಅಡುಗೆಮನೆಯಿಂದ.

ಅಷ್ಟು ಹೊತ್ತಿಗೆ ಮಾವನವರು ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲನೇ ಫೋಟೋ, ಹಾಲು ಉಕ್ಕಿಸಿದ್ದು. ಹೊಸ ಸ್ಟೀಲ್ ಪಾತ್ರೆಗೆ ಅರಿಶಿನದ ಕೊಂಬು ಕಟ್ಟಿದೆ, ನೊರೆ ಅಂಚು ದಾಟಿ ಇಳೀತಿದೆ, ಹಿಂದಿನ ಕಿಟಕಿಯಲ್ಲಿ ಆಗತಾನೇ ಹುಟ್ಟಿದ ಸೂರ್ಯ. ಸೀನನ ಕ್ಯಾಮೆರಾ ಹೇಳೋದು 6:30. ಫೋನುಗಳ ಲೆಕ್ಕದಲ್ಲಿ ಅದು 7:30.

"ಅಳಿಯಂದಿರೇ, ಹಿಂದಿನ ದಿನ ಇಲ್ಲಿ ಸೂರ್ಯ ಹುಟ್ಟಿದ್ದು ಎಷ್ಟೊತ್ತಿಗೆ?"

"ಆರೂಕಾಲು ದಾಟಿತ್ತು ಮಾವ."

"ಮಾರನೇ ದಿನ ಏಳೂಕಾಲು ದಾಟಿತು. ಒಂದೇ ರಾತ್ರೀಲಿ ಸೂರ್ಯ ಒಂದು ಗಂಟೆ ಸೋಮಾರಿ ಆದ್ನೇ? ಈ ಮನೇಲಿ ಆವತ್ತು ಸತ್ಯ ಹೇಳಿದ್ದು ಈ ಕ್ಯಾಮೆರಾ ಒಂದೇ. ಸುಳ್ಳು ಹೇಳಿದ್ದು ನಿಮ್ಮ ಫೋನುಗಳು."

ಸೀನ ಎದ್ದು ಬಂದು ಮಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಈ ಗಡಿಯಾರ ತಿರುಗಿಸೋ ಬುದ್ಧಿ ಯಾರದಯ್ಯಾ?" ಮಾವ ಕೇಳಿದರು. ಗಿರಿಯನ್ನು ಇಂಥದ್ದು ಕೇಳಬಾರದು.

"ಒಬ್ಬ ಹುಳ ಹಿಡಿಯೋನದ್ದು ಸಾರ್. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಕಚೇರೀಲಿ ಕೆಲಸ, ಬಿಡುವಿನಲ್ಲಿ ಕೀಟ ಸಂಗ್ರಹ. ಡ್ಯೂಟಿ ಮುಗಿದ ಮೇಲೆ ಹುಳ ಹಿಡಿಯೋಕೆ ಬೆಳಕು ಸಾಲದು ಅಂತ 1895ರಲ್ಲಿ ಗಡಿಯಾರವನ್ನ ಎರಡು ಗಂಟೆ ಸರಿಸೋಣ ಅಂದ. ಆಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ವಿಲೆಟ್ ಅಂತ ಒಬ್ಬ ಬಿಲ್ಡರ್. 1907ರಲ್ಲಿ ಅವನು ಹೇಳಿದ್ದೇನು ಗೊತ್ತಾ? ಒಂದೇ ಸಲ ಬೇಡ, ಏಪ್ರಿಲ್‌ನ ನಾಲ್ಕು ಭಾನುವಾರ 20 ನಿಮಿಷದ ಹಾಗೆ ಮುಂದಕ್ಕೆ, ಸೆಪ್ಟೆಂಬರ್‌ನಲ್ಲಿ ಹಾಗೇ ಹಿಂದಕ್ಕೆ!"

ಸೀನನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ವರ್ಷಕ್ಕೆ ಎಂಟು ಸಲ? ಇವರಿಗೆ ಎರಡು ಸಲ ನೆನಪಿಸೋದರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು."

"ವಿಲೆಟ್ ಬದುಕಿದ್ದಾಗ ಅಲ್ಲಿನ ಪಾರ್ಲಿಮೆಂಟು ಒಪ್ಪಲಿಲ್ಲ. 1916ರಲ್ಲಿ ಯುದ್ಧದ ಮಧ್ಯೆ ಜರ್ಮನಿ ಶುರು ಮಾಡ್ತು, ಹಿಂದೆಯೇ ಇಂಗ್ಲೆಂಡು."

"ನಮ್ಮ ದೇಶದಲ್ಲಿ ಈ ಕೋತಿಯಾಟ ಇಲ್ಲ," ಮಾವ ಎದೆ ಉಬ್ಬಿಸಿದರು.

"ಇತ್ತು ಸಾರ್. 1942ರಿಂದ 45ರವರೆಗೆ ನಾವೂ ಒಂದು ಗಂಟೆ ಮುಂದಿಟ್ಟಿದ್ವಿ."

"ಇಟ್ಟಿದ್ದು ಬ್ರಿಟಿಷರು," ಎಂದು ಮಾವ ಚುರುಮುರಿಗೆ ಕೈ ಹಾಕಿದರು. ಚರ್ಚೆ ಮುಗಿಯಿತು.

"ಅರಿಜೋನಾಗೆ ಮನೆ ಬದಲಾಯಿಸಿಬಿಡ್ತೀನಿ," ಅಂದ ಸೀನ. "ಅಲ್ಲಿ ಯಾರೂ ಗಡಿಯಾರ ಮುಟ್ಟಲ್ಲ."

"ಅಲ್ಲೂ ನವಾಹೋ ನೇಷನ್ ಅಂತ ಮೂಲನಿವಾಸಿಗಳ ಪ್ರದೇಶ ಇದೆ, ಅದರೊಳಗೆ ಮುಟ್ತಾರೆ. ನೀನು ದಾರಿ ತಪ್ಪಿ ಅಲ್ಲೇ ಹೋಗೋನು."

ಸರಿ, ದೊಡ್ಡಮ್ಮನಿಗೆ ಉತ್ತರ ಕೊಡಬೇಕಲ್ಲ. ಗಿರಿ ಲ್ಯಾಪ್‌ಟಾಪ್ ಎಳಕೊಂಡ. ಫೋಟೋದ ಹೊಟ್ಟೆಯೊಳಗೆ ಎಕ್ಸಿಫ್ ಅಂತ ಒಂದು ಚೀಟಿ ಇರುತ್ತಂತೆ. ಅದರಲ್ಲಿ ತಾರೀಕು, ಗಂಟೆ, ನಿಮಿಷ, ಸೆಕೆಂಡು ಎಲ್ಲ ಉಂಟು. ಯಾವ ಊರಿನ ಗಂಟೆ ಅನ್ನೋದಕ್ಕೆ ಮಾತ್ರ ಜಾಗವೇ ಇರಲಿಲ್ಲ. 2016ರಲ್ಲಿ ಜಾಗ ಮಾಡಿಕೊಟ್ಟರಂತೆ. ಸೀನನ ಕ್ಯಾಮೆರಾ ಅದಕ್ಕಿಂತ ಹಳೇದು. ಗಿರಿ ಒಂದು ಗಂಟೆ ಕೂಡಿಸಲು ಹೇಳಿ, ಗುಂಡಿ ಒತ್ತಿ, ಕೈ ಕಟ್ಟಿ ಕೂತ.

ಈಗ ನಾನು 12:40ಕ್ಕೆ ಹೋಳಿಗೆ ತಿಂದೆ. 12:45ಕ್ಕೆ ಪೂರ್ಣಾಹುತಿ.

"ಎಲ್ಲಾ ಫೋಟೋನೂ ಸೆಲೆಕ್ಟ್ ಮಾಡಿಬಿಟ್ಯೇನೋ?"

ಗಿರಿ ಮಾತಾಡಲಿಲ್ಲ. ಒಂದು ಗಂಟೆ ಕಳೆದ. ಆಮೇಲೆ ಸೀನನ ಫೋಟೋಗಳನ್ನಷ್ಟೇ ಹುಡುಕಿ ಹುಡುಕಿ ಕೂಡಿಸಿದ. ಅಂತೂ ಹೋಳಿಗೆ ಮಂಗಳಾರತಿ ಆದಮೇಲೆ ಬಂತು. ನನ್ನ ಮಾನ ಉಳೀತು ಅಂದುಕೊಂಡರೆ, ಆಲ್ಬಮ್ಮಿನ ಕೊನೆಯಲ್ಲಿ, ಎಲ್ಲರೂ ತಾಂಬೂಲ ತಗೊಂಡು ಹೋದ ಮೇಲೆ, ರಾತ್ರಿ 9:35ಕ್ಕೆ ಇನ್ನೊಂದು ಮಂಗಳಾರತಿ.

"ಅದು ನಂದು," ಮಾವ ಜೇಬಿನಿಂದ ತಮ್ಮ ಪುಟ್ಟ ಕ್ಯಾಮೆರಾ ತೆಗೆದರು. "ಮೈಸೂರು ಟೈಮು. ಬದಲಾಯಿಸಿಲ್ಲ, ಬದಲಾಯಿಸೋದೂ ಇಲ್ಲ."

ಒಂಬತ್ತೂವರೆ ಗಂಟೆ ವ್ಯತ್ಯಾಸ. ಹಿಂದಿನ ದಿನ ತೋರಣ ಕಟ್ಟಿದ್ದಕ್ಕೆ ಹತ್ತೂವರೆ. ಗಿರಿ ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕೇಳಿದ.

ಕಾಫಿ ಕುಡೀತಾ ಒಂದು ಉಪಾಯ ಹೇಳಿದ: ಯಾವ ಸಮಾರಂಭವೇ ಇರಲಿ, ಎಲ್ಲರೂ ಮೊದಲು ಒಂದೇ ಗಡಿಯಾರದ ಫೋಟೋ ತೆಗೀಬೇಕು. ಯಾರ ಕ್ಯಾಮೆರಾ ಎಷ್ಟು ಹಿಂದೆ ಎಷ್ಟು ಮುಂದೆ ಅಂತ ಆಮೇಲೆ ಅದರಿಂದಲೇ ಲೆಕ್ಕ ಹಾಕಬಹುದು. ಸೀನನಿಗೆ ಇದು ಬಹಳ ಹಿಡಿಸಿತು. ಕ್ಯಾಮೆರಾ ಎತ್ತಿಕೊಂಡು ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಗಡಿಯಾರದ ಫೋಟೋ ತೆಗೆದ. ತೆರೆ ನೋಡಿದ, ಒಲೆ ನೋಡಿದ.

"ಲೋ ಗಿರಿ! ಎರಡೂ 6:52! ಒಂದು ನಿಮಿಷ ಆಚೀಚೆ ಇಲ್ಲ. ನನ್ನ ಕ್ಯಾಮೆರಾ ಸರಿಯಾಗೇ ಇದೆಯಲ್ಲೋ!"

ಆ ಒಲೆಯ ಟೈಮು ಫೆಬ್ರವರಿಯಲ್ಲಿ, ಮನೆ ಬೀಗದ ಕೈ ಸಿಕ್ಕ ದಿನ, ನಾನು ಇಟ್ಟಿದ್ದು. ಹೆಂಡತಿ ನನ್ನ ಮುಖ ನೋಡಿದಳು. ನಾನು ಚುರುಮುರಿ ಬಟ್ಟಲು ನೋಡಿದೆ.