ಮನೆಯ ಕಾಗದಪತ್ರ: ಐದು ಫೈಲೇ, ಸಾಲು ಲಕೋಟೆಯೇ, ಲ್ಯಾಮಿನೇಷನ್ನೇ?

ನೀಲಿಶಾಯಿ:
ಮನೆಯ ಕಾಗದಪತ್ರಗಳನ್ನು ಒಂದು ಕ್ರಮಕ್ಕೆ ತರಬೇಕಾಗಿದೆ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಮನೆಯ ಕ್ರಯಪತ್ರ, ವಿಮೆಯ ಪಾಲಿಸಿ, ವೈದ್ಯರ ವರದಿ, ವಾರಂಟಿ ಕಾರ್ಡು, ಬಿಲ್ಲು, ಎಲ್ಲವೂ ಒಂದರ ಮೇಲೊಂದು ಬಿದ್ದಿವೆ. ಬೇಕಾದ ದಿನ ಬೇಕಾದ ಹಾಳೆ ಕೈಗೆ ಸಿಗುವುದಿಲ್ಲ. ಎರಡೇ ಷರತ್ತು: ವ್ಯವಸ್ಥೆ ಸರಳವಾಗಿರಬೇಕು, ನಾನು ಇಲ್ಲದಾಗ ಮನೆಯ ಬೇರೆಯವರಿಗೂ ಹುಡುಕಲು ಬರಬೇಕು. ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ?

ಲೆಕ್ಕಿಗ:
ಐದು ಫೈಲು ತನ್ನಿ. ಗುರುತು, ಆಸ್ತಿ, ಹಣಕಾಸು, ಆರೋಗ್ಯ, ವಸ್ತುಗಳು ಎಂದು ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಇದರ ಜೊತೆಗೆ ಬಾಯಿ ತೆರೆದ ಒಂದು ಟ್ರೇ ಇರಲಿ. ಮನೆಗೆ ಬಂದ ಪ್ರತಿ ಕಾಗದ ಮೊದಲು ಅಲ್ಲಿಗೇ ಹೋಗಬೇಕು. ಕಟ್ಟಬೇಕಾದ ಬಿಲ್ಲು, ಉತ್ತರ ಬರೆಯಬೇಕಾದ ಪತ್ರ, ಸಹಿ ಹಾಕಬೇಕಾದ ಅರ್ಜಿ ಅಲ್ಲೇ ಇರಲಿ, ಕೆಲಸ ಮುಗಿದ ಮೇಲಷ್ಟೇ ಫೈಲು ಸೇರಲಿ. ಫೈಲಿನೊಳಗೆ ಹೊಸದು ಮೇಲೆ, ಹಳೆಯದು ಕೆಳಗೆ. ಅಂಕಪಟ್ಟಿ, ಪ್ರಮಾಣಪತ್ರಗಳಂಥ ಮುಖ್ಯವಾದವನ್ನು ಲ್ಯಾಮಿನೇಟ್ ಮಾಡಿಸಿಬಿಟ್ಟರೆ ಜೀವಮಾನ ಚಿಂತೆಯಿಲ್ಲ.

ಸಾಲುಲಕೋಟೆ:
ವಿಷಯವಾರು ವಿಂಗಡಣೆಯೇ ಮನೆಗಳಲ್ಲಿ ಸೋಲುವ ಪದ್ಧತಿ. ವಾಹನದ ವಿಮೆ ಹಣಕಾಸಿಗೋ, ವಸ್ತುಗಳಿಗೋ? ಆಸ್ಪತ್ರೆಯ ಬಿಲ್ಲು ಆರೋಗ್ಯಕ್ಕೋ, ಹಣಕಾಸಿಗೋ? ಇಟ್ಟವರು ಒಂದು ಯೋಚಿಸುತ್ತಾರೆ, ಹುಡುಕುವವರು ಇನ್ನೊಂದು. ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೊ ನೊಗುಚಿ 1993ರಲ್ಲೇ ಇದಕ್ಕೆ ಪರಿಹಾರ ಹೇಳಿದ್ದಾರೆ. ಒಂದೊಂದು ವ್ಯವಹಾರಕ್ಕೆ ಒಂದೊಂದು ದೊಡ್ಡ ಲಕೋಟೆ, ಅಂಚಿನಲ್ಲಿ ಹೆಸರು ಮತ್ತು ದಿನಾಂಕ. ಪುಸ್ತಕದ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಹೊರತೆಗೆದು ಬಳಸಿದ ಲಕೋಟೆಯನ್ನು ತಿರುಗಿ ಇಡುವಾಗ ಎಡತುದಿಗೇ ಇಡಬೇಕು. ಬಳಕೆಯಲ್ಲಿರುವುದು ತಾನಾಗಿಯೇ ಎಡಕ್ಕೆ ಬರುತ್ತದೆ, ಯಾರಿಗೂ ಬೇಡವಾದದ್ದು ಬಲತುದಿಗೆ ಸರಿಯುತ್ತದೆ. ಯಾವುದು ಎಲ್ಲಿಗೆ ಸೇರಿದ್ದು ಎಂದು ಯೋಚಿಸುವ ಕೆಲಸವೇ ಇಲ್ಲ.

ಒಣಜಾಗ:
ಲೆಕ್ಕಿಗರೇ, "ಲ್ಯಾಮಿನೇಟ್ ಮಾಡಿಸಿಬಿಟ್ಟರೆ ಜೀವಮಾನ ಚಿಂತೆಯಿಲ್ಲ" ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಮೂಲ ಪ್ರತಿಗೆ ಮಾಡಬಹುದಾದ ದೊಡ್ಡ ಹಾನಿಗಳಲ್ಲಿ ಅದೂ ಒಂದು. ಅಂಗಡಿಯ ಯಂತ್ರದಲ್ಲಿ ನೂರು ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿಯಲ್ಲಿ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಒಮ್ಮೆ ಇಳಿದ ಅಂಟನ್ನು ಮನೆಯಲ್ಲಿ ಬಿಡಿಸಲು ಸಾಧ್ಯವೇ ಇಲ್ಲ. ಉಬ್ಬು ಮುದ್ರೆ ಚಪ್ಪಟೆಯಾಗುತ್ತದೆ, ಹಿಂಬದಿಯಲ್ಲಿ ಹೊಸ ಮೊಹರು ಹಾಕಲು ಬರುವುದಿಲ್ಲ, ಕಾಗದದ ಭದ್ರತಾ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಲಾಗುವುದಿಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು ತನ್ನ ಕಾರ್ಡನ್ನು ಲ್ಯಾಮಿನೇಟ್ ಮಾಡಬೇಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ಲೆಕ್ಕಿಗ:
ಒಂದು ದೇಶದ ಒಂದು ಕಾರ್ಡಿನ ಮಾತನ್ನು ಹಿಡಿದು ಎಲ್ಲ ಕಾಗದಕ್ಕೂ ತೀರ್ಪು ಕೊಡಬೇಡಿ. ನಮ್ಮ ಮನೆಯ ಅಂಕಪಟ್ಟಿಗಳು ಲ್ಯಾಮಿನೇಟ್ ಆಗಿ ವರ್ಷಗಳೇ ಕಳೆದಿವೆ. ಒಂದು ಮಡಿಕೆ, ಒಂದು ಕಲೆ ಇಲ್ಲ. ಎಲ್ಲಿ ತೋರಿಸಿದರೂ ಒಪ್ಪಿಕೊಂಡಿದ್ದಾರೆ.

ದಾರಸೂಜಿ:
"ಮಡಿಕೆ" ಎಂದಿರಲ್ಲ, ಅಲ್ಲಿಗೇ ಬರುತ್ತೇನೆ. ಕಾಗದ ಹರಿಯುವುದು ಮಡಿಕೆಯಲ್ಲಿ. ಹಾಗಾಗಿ ಮಡಿಸದೆ ಇಡುವಷ್ಟು ದೊಡ್ಡ ಪೆಟ್ಟಿಗೆ ಮೊದಲು ಬೇಕು. ರಬ್ಬರ್ ಬ್ಯಾಂಡ್ ಹಾಕಿದವರು ಈಗಲೇ ಹೋಗಿ ತೆಗೆಯಿರಿ. ಕೆಲವು ವರ್ಷಗಳಲ್ಲಿ ಅದು ಅಂಟಂಟಾಗಿ ಹಾಳೆಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಒಣಗಿ ಪುಡಿಯಾಗುತ್ತದೆ. ಗುಂಡುಸೂಜಿ, ಉಕ್ಕಿನ ಕ್ಲಿಪ್ಪು ತೇವ ಕಂಡರೆ ತುಕ್ಕು ಬಿಡುತ್ತವೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಹತ್ತಿಯ ದಾರ ಸಾಕು.

ಒಣಜಾಗ:
"ಎಲ್ಲಿ ತೋರಿಸಿದರೂ ಒಪ್ಪಿಕೊಂಡಿದ್ದಾರೆ" ಎಂಬುದು ನಿಮ್ಮ ಅದೃಷ್ಟ, ಲೆಕ್ಕಿಗರೇ. ಅದು ನಿಯಮವಲ್ಲ. ನನ್ನ ಚಿಕ್ಕಪ್ಪನ ಪ್ರಮಾಣಪತ್ರವನ್ನು ಒಂದು ಕಚೇರಿಯಲ್ಲಿ ಪ್ಲಾಸ್ಟಿಕ್ಕಿನ ಕಾರಣಕ್ಕೇ ತಿರಸ್ಕರಿಸಿದರು. ಮೂಲದ ಮೇಲೆ ದೃಢೀಕರಣದ ಮೊಹರು ಬೀಳಬೇಕಿತ್ತು. ಅವರು ಹೊಸ ಪ್ರತಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದರು. ಒಪ್ಪುವ ಕಚೇರಿ ಎಷ್ಟಿದ್ದರೇನು, ಒಪ್ಪದ ಒಂದು ಕಚೇರಿ ಸಾಕು.

ಲೆಕ್ಕಿಗ:
ತಿಂಗಳುಗಟ್ಟಲೆ ಕಾದರೂ ಹೊಸ ಪ್ರತಿ ಸಿಕ್ಕಿತಲ್ಲ! ತೇವಕ್ಕೆ ಕೊಳೆತು ಅಕ್ಷರವೇ ಅಳಿಸಿದ್ದರೆ ಸಂಖ್ಯೆ ಯಾವುದು, ವರ್ಷ ಯಾವುದು ಎಂದು ಅರ್ಜಿಯಲ್ಲಿ ಏನು ಬರೆಯುತ್ತಿದ್ದರು? ಇನ್ನೊಂದು ಮಾತು. ಅಮೆರಿಕದ ರಾಷ್ಟ್ರೀಯ ಪತ್ರಾಗಾರವೇ 1930ರ ದಶಕದಿಂದ ತನ್ನ ದಾಖಲೆಗಳಿಗೆ ಲ್ಯಾಮಿನೇಷನ್ ಮಾಡಿದೆ. ಅಲ್ಲಿನ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೋ ಹಳೆಯ ದಾಖಲೆಗಳ ಲ್ಯಾಮಿನೇಷನ್ನಿಗೆಂದೇ ಯಂತ್ರ ಮಾಡಿದ್ದರು. ಪತ್ರಾಗಾರದವರು ಮೂರ್ಖರೇ?

ಒಣಜಾಗ:
ಪತ್ರಾಗಾರದ ಹೆಸರು ಎತ್ತಿದವರು ಮುಂದಿನ ಕತೆಯನ್ನೂ ಹೇಳಬೇಕು. ಅಲ್ಲಿ ಬಳಸಿದ್ದು ಸೆಲ್ಯುಲೋಸ್ ಅಸಿಟೇಟ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ ಹಾಳೆ, ಅಂಗಡಿಯ ಪಾಲಿಯೆಸ್ಟರ್ ಅಲ್ಲ. ಅದನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿ ಬಿಡಿಸಬಹುದು. ಆದರೂ ಕಾಲಕ್ರಮದಲ್ಲಿ ಆ ಹಾಳೆ ಹುಳಿಯಾಗಿ ವಿನೆಗರ್ ವಾಸನೆ ಬಿಡತೊಡಗಿತು. ಒಳಗೆ ಆಮ್ಲ ಉಳಿದಿದ್ದ ಕಾಗದಗಳು ಕಂದಿದವು. ಹಿಂದೆ ಹಚ್ಚಿದ್ದನ್ನು ಬಿಡಿಸಿ ತೆಗೆಯುವುದೇ ಸಂರಕ್ಷಕರಿಗೆ ದೊಡ್ಡ ಕೆಲಸವಾಯಿತು. ನೀವು ಕೊಟ್ಟ ಸಾಕ್ಷಿ ನಿಮ್ಮ ವಿರುದ್ಧವೇ ಇದೆ.

ಮೂರುನಕಲು:
ಕಾಗದದ ಮೇಲೆ ಇಷ್ಟು ಜಗಳವೇಕೆ? ಮುನ್ನೂರು ಡಿಪಿಐನಲ್ಲಿ (ಅಂಗುಲಕ್ಕೆ ಮುನ್ನೂರು ಚುಕ್ಕಿ) ಸ್ಕ್ಯಾನ್ ಮಾಡಿ, ಪಿಡಿಎಫ್ ಆಗಿ ಉಳಿಸಿ, ಹೆಸರನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಆರಂಭಿಸಿ. ಆಗ ಕಂಪ್ಯೂಟರು ತಾನೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನ-ತಿಂಗಳು-ವರ್ಷ ಎಂದು ಬರೆದರೆ ಎಲ್ಲ ವರ್ಷಗಳ ಒಂದನೇ ತಾರೀಕುಗಳೂ ಒಟ್ಟಿಗೆ ಬಂದು ಕೂರುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ಮೂಲ ಕಾಗದವನ್ನು ಒಂದು ಪೆಟ್ಟಿಗೆಗೆ ಹಾಕಿ ಮರೆತುಬಿಡಿ.

ಲೆಕ್ಕಿಗ:
ಒಣಜಾಗ ಅವರೇ, "ಬಿಡಿಸಬಹುದು" ಎಂದು ನೀವೇ ಬರೆದಿದ್ದೀರಿ. ಅಂದರೆ ಲ್ಯಾಮಿನೇಷನ್ ಎಂದರೆ ಶಾಶ್ವತ ಹಾನಿ ಎಂಬ ನಿಮ್ಮ ಮೊದಲ ಮಾತು ಬಿತ್ತು.

ಒಣಜಾಗ:
ಆ ಹಾಳೆಯನ್ನು ಬಿಡಿಸಬಹುದು ಎಂದೆ! ಪ್ರಯೋಗಾಲಯದಲ್ಲಿ, ತರಬೇತಿ ಪಡೆದವರು! ನೀವು ಮಾಡಿಸಿದ್ದು ಪಾಲಿಯೆಸ್ಟರ್. ಅದು ಅಸಿಟೋನ್‌ಗೆ ಕರಗುವುದಿಲ್ಲ. ಒಂದು ವಾಕ್ಯದ ಒಂದೇ ಪದ ಕಿತ್ತುಕೊಂಡು ವಾದ ಮಾಡುವುದಾದರೆ ನಾನು ಬರೆಯುವುದರಿಂದ ಪ್ರಯೋಜನವೇನು?

ಬಿಸಿಹಾಳೆ:
ನಾನು ಅಂಗಡಿಯಲ್ಲಿ ಲ್ಯಾಮಿನೇಷನ್ ಯಂತ್ರ ನಡೆಸಿದವನು. ಲೆಕ್ಕಿಗರ ಪರ ಎಂದು ತಿಳಿಯಬೇಡಿ, ಒಣಜಾಗರ ಪರವೂ ಅಲ್ಲ. ಅಂಗಡಿ, ಎಟಿಎಂ, ಟಿಕೆಟ್ ಯಂತ್ರಗಳ ರಸೀದಿಯನ್ನು ಆ ಯಂತ್ರಕ್ಕೆ ಕೊಟ್ಟರೆ ಪೂರ್ತಿ ಕಪ್ಪಾಗಿ ಹೊರಬರುತ್ತದೆ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಣ್ಣವಿಲ್ಲದ ವರ್ಣದ್ರವ್ಯದ ಲೇಪನವಿರುತ್ತದೆ, ಬಿಸಿ ತಾಗಿದಲ್ಲಿ ಅದು ಕಪ್ಪಾಗಿ ಅಕ್ಷರ ಮೂಡುತ್ತದೆ. ಇಡೀ ಹಾಳೆಗೆ ಬಿಸಿ ತಾಗಿದರೆ ಇಡೀ ಹಾಳೆಯೇ ಕಪ್ಪು. ಆದರೆ ಮಾಮೂಲಿ ಕಾಗದದ ಅಂಕಪಟ್ಟಿಗೆ ಹಾಗಾಗುವುದಿಲ್ಲ. ಜನ ಅದನ್ನು ಸುಮ್ಮನೆ ತಂದುಕೊಡುತ್ತಿರಲಿಲ್ಲ, ಮನೆಯಲ್ಲಿ ತೇವ ಇತ್ತು ಎಂದೇ ತರುತ್ತಿದ್ದರು.

ಸಾಲುಲಕೋಟೆ:
ರಸೀದಿಯ ಮಾತು ಬಂದದ್ದು ಒಳ್ಳೆಯದಾಯಿತು. ಹತ್ತಾರು ರಸೀದಿಗಳನ್ನು ಯಾವ ಫೈಲಿನ ಯಾವ ಪುಟದಲ್ಲಿ ಪಂಚ್ ಮಾಡಿ ಕಟ್ಟುತ್ತೀರಿ? ಲಕೋಟೆಯಾದರೆ ಒಳಗೆ ಹಾಕಿದರೆ ಮುಗಿಯಿತು.

ದಾರಸೂಜಿ:
ಹಾಕಿದರೆ ಮುಗಿಯುವುದಿಲ್ಲ. ಬಿಸಿಹಾಳೆಯವರು ಹೇಳಿದ ಆ ಲೇಪನ ಬೆಳಕಿಗೆ, ಎಣ್ಣೆಗೆ, ಮೆದು ಪ್ಲಾಸ್ಟಿಕ್ಕಿನಿಂದ ಹೊರಡುವ ರಾಸಾಯನಿಕಕ್ಕೆ ಮಂಕಾಗುತ್ತದೆ. ವಾರಂಟಿ ಇನ್ನೂ ಜೀವಂತ, ರಸೀದಿ ಬರೀ ಬಿಳಿ ಹಾಳೆ. ತಂದ ದಿನವೇ ನಕಲು ತೆಗೆಸಿ ವಾರಂಟಿ ಕಾರ್ಡಿನ ಜೊತೆಗೆ ಇಡಬೇಕು.

ಒಣಜಾಗ:
"ಮನೆಯಲ್ಲಿ ತೇವ ಇತ್ತು" ಎಂದರು ಬಿಸಿಹಾಳೆ. ತೇವಕ್ಕೆ ಮದ್ದು ಜಾಗ ಬದಲಿಸುವುದು. ಹೊರಗೋಡೆಗೆ ತಾಗಿದ ಕಪಾಟು, ಸ್ನಾನದ ಮನೆಯ ಪಕ್ಕದ ಗೋಡೆ, ನೆಲಕ್ಕೆ ತಾಗಿದ ಪೆಟ್ಟಿಗೆ, ಈ ಮೂರನ್ನು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಸಿಲ್ವರ್‌ಫಿಶ್ ಹುಳುವಿಗೆ ಬೇಕಾದದ್ದೂ ತೇವ ಮತ್ತು ಕತ್ತಲು. ಪಿಷ್ಟ, ಅಂಟು, ಕಾಗದ ಎಲ್ಲವನ್ನೂ ಅದು ತಿನ್ನುತ್ತದೆ. ಹಾಳೆ ಬಿಡಿಯಾಗಿ ಕಾಣಬೇಕಾದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲದೊಳಗೆ ಜಾರಿಸಿ ಇಡಿ. ಅಂಟಿಲ್ಲ, ಬಿಸಿಯಿಲ್ಲ, ಬೇಕೆಂದಾಗ ಹೊರತೆಗೆಯಬಹುದು. ಹೊಸ ಪ್ಲಾಸ್ಟಿಕ್ಕಿನ ಘಾಟು ವಾಸನೆ ಬರುವ ಮೆತ್ತನೆಯ ಪಿವಿಸಿ ಚೀಲ ಬೇಡವೇ ಬೇಡ. ಜೆರಾಕ್ಸ್ ಪ್ರತಿಯ ಅಕ್ಷರಗಳನ್ನು ಅದು ತನ್ನ ಮೈಗೆ ಎಳೆದುಕೊಳ್ಳುತ್ತದೆ.

ಲೆಕ್ಕಿಗ:
ಕೊನೆಗೂ ಪ್ಲಾಸ್ಟಿಕ್ಕಿಗೇ ಬಂದಿರಿ.

ಒಣಜಾಗ:
ಚೀಲಕ್ಕೂ ಅಂಟಿಗೂ ವ್ಯತ್ಯಾಸ ನಿಮಗೆ ಚೆನ್ನಾಗಿ ಗೊತ್ತು, ಲೆಕ್ಕಿಗರೇ. ಗೊತ್ತಿದ್ದೂ ಹೀಗೆ ಬರೆಯುತ್ತಿದ್ದೀರಿ. ನಿಮ್ಮ ಮಾತು ನಂಬಿ ಇವತ್ತೇ ಯಾರೋ ತಮ್ಮ ಮಗುವಿನ ಜನನ ಪ್ರಮಾಣಪತ್ರ ಹಿಡಿದು ಅಂಗಡಿಗೆ ಹೋಗಬಹುದು. ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ಲೆಕ್ಕಿಗ:
ಸಿಟ್ಟು ವಾದವಾಗುವುದಿಲ್ಲ. ಚೀಲದ ಬಾಯಿ ತೆರೆದೇ ಇರುತ್ತದೆ. ನೀರು ಒಳಗೆ ನುಗ್ಗಿದರೆ ಹಾಳೆ ಚೀಲದ ಗೋಡೆಗೆ ಅಂಟಿಕೊಳ್ಳುತ್ತದೆ. ಮುಚ್ಚಿದ ಲ್ಯಾಮಿನೇಷನ್‌ಗೆ ಆ ಭಯವಿಲ್ಲ. ಇದಕ್ಕೆ ನೇರ ಉತ್ತರ ಕೊಡಿ.

ಮೂರುನಕಲು:
ನೇರ ಉತ್ತರ ನಾನು ಕೊಟ್ಟೆ: ಸ್ಕ್ಯಾನ್. ನೀರು ನುಗ್ಗಲಿ, ಬೆಂಕಿ ಬೀಳಲಿ, ನಕಲು ಉಳಿದಿರುತ್ತದೆ. ಪೆನ್‌ಡ್ರೈವನ್ನು ಅಗ್ನಿನಿರೋಧಕ ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು.

ದಾರಸೂಜಿ:
ಮುಗಿಯುವುದು ನಿಮ್ಮ ಪೆನ್‌ಡ್ರೈವ್! ಕಾಗದಕ್ಕೆಂದು ಮಾಡಿದ ಅಗ್ನಿನಿರೋಧಕ ಪೆಟ್ಟಿಗೆ ಒಳಗಿನ ಬಿಸಿಯನ್ನು ಸುಮಾರು 177 ಡಿಗ್ರಿ ಸೆಲ್ಸಿಯಸ್ ದಾಟದಂತೆ ತಡೆಯುತ್ತದೆ. ಕಾಗದ ಅಷ್ಟನ್ನು ತಾಳುತ್ತದೆ. ಡಿಜಿಟಲ್ ಮಾಧ್ಯಮಕ್ಕೆ ಬೇರೆಯೇ ದರ್ಜೆಯ ಪೆಟ್ಟಿಗೆ ಇದೆ, ಅದರ ಮಿತಿ ಸುಮಾರು 52 ಡಿಗ್ರಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಕಾಗದ ಉಳಿಯುತ್ತದೆ, ನಿಮ್ಮ ಸ್ಕ್ಯಾನ್ ಹೋಗುತ್ತದೆ.

ಮೂರುನಕಲು:
ಅದಕ್ಕೇ "ಒಂದು ಮನೆಯ ಹೊರಗೆ" ಎಂದಿದ್ದೆ. ಅದನ್ನು ಯಾರೂ ಓದಲಿಲ್ಲ.

ನೀಲಿಶಾಯಿ:
ನಾನು ಕೇಳಿದ್ದು ಜೋಡಿಸುವುದು ಹೇಗೆ ಎಂದು. ಅರ್ಧಕ್ಕಿಂತ ಹೆಚ್ಚು ಉತ್ತರಗಳು ಪ್ಲಾಸ್ಟಿಕ್ಕಿನ ಬಗ್ಗೆ ಇವೆ. ನಾನು ಇಲ್ಲದಾಗ ಮನೆಯವರು ಹೇಗೆ ಹುಡುಕಬೇಕು ಎಂಬುದಕ್ಕೆ ಯಾರಾದರೂ ಉತ್ತರ ಕೊಡುತ್ತೀರಾ?

ಸಾಲುಲಕೋಟೆ:
ಲಕೋಟೆ ಸಾಲಿನಲ್ಲಿ ಎಡದಿಂದ ಬಲಕ್ಕೆ ಬೆರಳು ಆಡಿಸಿದರೆ ಸಿಗುತ್ತದೆ. ಕಲಿಸುವುದಕ್ಕೇ ಏನೂ ಇಲ್ಲ.

ತಾಯಿಬೇರು:
ಅದನ್ನು ಒಪ್ಪುವುದಿಲ್ಲ, ಸಾಲುಲಕೋಟೆಯವರೇ. ಬಳಸಿದ್ದು ಎಡಕ್ಕೆ ಬರುತ್ತದೆ ಎಂಬುದು ಬಳಸುವ ಒಬ್ಬರ ನೆನಪಿನ ಮೇಲೆ ನಿಂತಿದೆ. ಕ್ರಯಪತ್ರವನ್ನು ಯಾರೂ ಪದೇ ಪದೇ ಹೊರತೆಗೆಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಬಲತುದಿಗೆ, ಬಿಸಾಡುವ ಕಾಗದದ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ತಂದೆ ತೀರಿಕೊಂಡಾಗ ವಿಮೆ ಇತ್ತೇ, ಸಾಲ ಇತ್ತೇ, ಯಾವ ಖಾತೆ ಎಲ್ಲಿ ಎಂದು ನಾವು ಪ್ರತಿ ಪುಸ್ತಕ ಕೊಡವಿ ನೋಡಬೇಕಾಯಿತು. ಅವರ ವ್ಯವಸ್ಥೆ ಅವರಿಗೆ ಮಾತ್ರ ಗೊತ್ತಿತ್ತು. ನೀಲಿಶಾಯಿಯವರೇ, ಫೈಲೋ ಲಕೋಟೆಯೋ ಯಾವುದಾದರೂ ಆಗಲಿ, ಮೊದಲು ಒಂದೇ ಪುಟದ ಪಟ್ಟಿ ಬರೆಯಿರಿ. ಯಾವ ಕಾಗದ, ಎಲ್ಲಿದೆ, ಯಾರ ಹೆಸರಲ್ಲಿದೆ, ಯಾವಾಗ ನವೀಕರಿಸಬೇಕು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು "ವಿಮೆ ಪಾಲಿಸಿ ತೆಗೆದುಕೊಡು" ಎಂದು ಹೇಳಿ ನೋಡಿ. ನಿಮ್ಮನ್ನು ಕೇಳದೆ ತಂದುಕೊಟ್ಟರೆ ನಿಮ್ಮ ವ್ಯವಸ್ಥೆ ಸರಿ.

ಸಾಲುಲಕೋಟೆ:
ಸದಾ ಉಳಿಸಬೇಕಾದ ಲಕೋಟೆಗೆ ಬಣ್ಣದ ಗುರುತು ಹಾಕಿ ಬೇರೆ ಇಟ್ಟರಾಯಿತು.

ತಾಯಿಬೇರು:
ಹಾಗಾದರೆ ಅದು ವಿಂಗಡಣೆಯೇ.

ಲೆಕ್ಕಿಗ:
ಪಟ್ಟಿಯಲ್ಲಿ ಖಾತೆ ಸಂಖ್ಯೆ, ಪಾಸ್‌ವರ್ಡ್ ಬರೆಯಬೇಡಿ. ಕಪಾಟಿನ ಬಾಗಿಲಿಗೆ ಅಂಟಿಸಲೂಬೇಡಿ, ಮನೆಗೆ ಬಂದವರೆಲ್ಲ ಓದುತ್ತಾರೆ. ಬಿಸಾಡುವ ಕಾಗದದಲ್ಲಿ ಹೆಸರು, ಸಹಿ, ಸಂಖ್ಯೆ ಇದ್ದರೆ ಚೂರು ಮಾಡಿಯೇ ಬಿಸಾಡಬೇಕು.

ನೀಲಿಶಾಯಿ:
ಸರಿ. ಬಾಯಿ ತೆರೆದ ಟ್ರೇ, ಐದು ಫೈಲು, ಒಳಗೋಡೆಯ ಕಪಾಟಿನ ಮೇಲಿನ ಅರೆ, ಒಂದು ಪುಟದ ಪಟ್ಟಿ. ಪಟ್ಟಿಯ ಒಂದು ಪ್ರತಿ ಅಕ್ಕನ ಮನೆಯಲ್ಲಿರುತ್ತದೆ. ರಸೀದಿಗಳ ನಕಲು ತೆಗೆಸುತ್ತೇನೆ. ವಾಹನದ ವಿಮೆ ಎಲ್ಲಿಗೆ ಎಂದು ಪಟ್ಟಿಯಲ್ಲೇ ಬರೆಯುತ್ತೇನೆ. ಅಂಕಪಟ್ಟಿಗೆ ಚೀಲ.

ಲೆಕ್ಕಿಗ:
ಚೀಲದ ಬಾಯಿ ತೆರೆದಿರುತ್ತದೆ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಒಣಜಾಗ:
ಚೀಲವನ್ನು ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಡಿ. ನೆಲದಿಂದ ಎತ್ತರದಲ್ಲಿ ಇಡಿ. ಇದೇ ಉತ್ತರ.

ಲೆಕ್ಕಿಗ:
ಅದು ಪೆಟ್ಟಿಗೆಯ ಬಗ್ಗೆ ಉತ್ತರ, ಚೀಲದ ಬಗ್ಗೆ ಅಲ್ಲ.